ಟ್ರಂಕಿನಲ್ಲಿದ್ದ ಎಂಟು ಬಾವುಟಗಳು

ಚಾರ್ಜ್ ಪಟ್ಟಿಗೆ ಸಹಿ ಹಾಕುವ ಮುಂಚೆ ಪ್ರತಿಯೊಂದು ವಸ್ತುವನ್ನೂ ಕಣ್ಣಾರೆ ನೋಡಬೇಕು ಎಂಬುದು ನನ್ನ ಹಟ. ಹಾಗಾಗಿ ಹೊಸ ಊರಿನ ಶಾಲೆಗೆ ಮುಖ್ಯ ಶಿಕ್ಷಕಿಯಾಗಿ ಬಂದ ಆ ಜೂನ್ ತಿಂಗಳಲ್ಲಿ ಒಂದು ಇಡೀ ದಿನ ಶಾಲೆಯ ಆಫೀಸು ಕೋಣೆಯಲ್ಲಿ ಬೆಂಚು, ಭೂಪಟ, ತಕ್ಕಡಿ, ಗ್ಲೋಬು ಎಣಿಸುತ್ತ ಕಳೆದೆ. ಚಾರ್ಜ್ ಕೊಡುತ್ತಿದ್ದ ಹೆಡ್‌ಮಾಸ್ಟರು ಹಿಂದಿನ ತಿಂಗಳಷ್ಟೇ ನಿವೃತ್ತರಾಗಿದ್ದವರು. ಒಳ್ಳೆಯ ಮನುಷ್ಯ. ನಾನು ಒಂದೊಂದಕ್ಕೂ ಎದ್ದು ಹೋಗಿ ಮುಟ್ಟಿ ನೋಡುವುದನ್ನು ಕಂಡು, "ನಂಬಿಕೆ ಇಲ್ವಾ ಮೇಡಂ?" ಎಂದು ಎರಡು ಸಲ ನಕ್ಕರು. ಮೂರನೇ ಸಲ ನಗಲಿಲ್ಲ. ಆಗ ನಾವು ನಾಲ್ಕನೇ ಪುಟಕ್ಕೆ ಬಂದಿದ್ದೆವು. ಅಲ್ಲಿ 'ರಾಷ್ಟ್ರಧ್ವಜ, ಹತ್ತು' ಎಂದಿತ್ತು.

"ಒಂದು ಶಾಲೆಗೆ ಹತ್ತು ಬಾವುಟ ಯಾಕೆ ಸಾರ್?"

ಅವರು ಬೀರು ತೆಗೆದು, ಪ್ರತಿ ವರ್ಷ ಹಾರಿಸುವ ಬಾವುಟ ತೋರಿಸಿದರು. ಚೆನ್ನಾಗಿತ್ತು, ಇಸ್ತ್ರಿಯಾಗಿತ್ತು. ಆಮೇಲೆ ಬೀರುವಿನ ಮೇಲಿದ್ದ ತಗಡಿನ ಟ್ರಂಕಿನ ಕಡೆ ಕೈ ತೋರಿದರು. "ಮಿಕ್ಕಿದ್ದು ಅದರಲ್ಲಿದೆ."

ಜೊತೆಯಲ್ಲಿದ್ದ ಸಹಶಿಕ್ಷಕರೊಬ್ಬರು ಸ್ಟೂಲು ಹತ್ತಿ ಟ್ರಂಕನ್ನು ಇಳಿಸಿದರು. ಅದರ ಒಂದು ಮೂಲೆ ತುಕ್ಕು ಹಿಡಿದು ತೂತಾಗಿತ್ತು. ಮುಚ್ಚಳ ಎತ್ತಿದ ಕೂಡಲೇ ಇಲಿಯ ವಾಸನೆ ಮುಖಕ್ಕೆ ಹೊಡೆಯಿತು. ಒಳಗೆ ಬಾವುಟಗಳನ್ನು ಉಂಡೆ ಮಾಡಿ ತುರುಕಿದ್ದರು. ಒಂದರ ಕೇಸರಿ ಬಿಸಿಲಿಗೆ ಬೆಳ್ಳಗಾಗಿತ್ತು, ಒಂದು ಗಾಳಿಗೆ ಅಂಚಿನುದ್ದಕ್ಕೂ ಎಳೆ ಎಳೆಯಾಗಿತ್ತು. ತೂತಿನ ಮೂಲೆಯಲ್ಲಿ ಕೇಸರಿ, ಬಿಳಿ, ಹಸಿರು ದಾರಗಳನ್ನು ಕಡಿದು ಸೇರಿಸಿ ಇಲಿ ಗೂಡು ಕಟ್ಟಿತ್ತು. ಮರಿಗಳು ಇರಲಿಲ್ಲ. ಬೆಳೆದು ಹೋಗಿದ್ದವು ಅಂತ ಕಾಣುತ್ತದೆ.

"ಇದೇನ್ ಸಾರ್ ಇದು!" ಎಂದೆ. ದನಿ ಜೋರಾಯಿತು ಎಂದು ಆಮೇಲೆ ಗೊತ್ತಾಯಿತು.

ಅವರ ಮುಖ ಸಣ್ಣದಾಯಿತು. "ಬಿಸಾಕೋ ಹಾಗಿಲ್ಲ, ಮಾರೋ ಹಾಗಿಲ್ಲ. ಏನ್ಮಾಡ್ಲಿ ಹೇಳಿ. ನನಗಿಂತ ಮುಂಚೆ ಇದ್ದೋರೂ ಟ್ರಂಕಿಗೇ ಹಾಕಿದ್ರು, ನಾನೂ ಹಾಕ್ದೆ. ಎಸೆದುಬಿಟ್ಟೆ ಅಂತ ಯಾರೂ ಅನ್ನಬಾರದಲ್ಲ."

ಅವರು ಹೇಳಿದ್ದು ಸುಳ್ಳಲ್ಲ. ಆ ಕ್ಷಣಕ್ಕೆ ನನಗೂ ಬೇರೆ ದಾರಿ ಗೊತ್ತಿರಲಿಲ್ಲ. ಎಣಿಸಿದೆವು. ಟ್ರಂಕಿನಲ್ಲಿ ಎಂಟು, ಬೀರುವಿನಲ್ಲಿ ಒಂದು. ಪಟ್ಟಿಯ ಪ್ರಕಾರ ಇನ್ನೊಂದು ಇರಬೇಕಿತ್ತು. ಬೀರು, ಭೂಪಟದ ಪೆಟ್ಟಿಗೆ, ವಿಜ್ಞಾನದ ಕಪಾಟು ಎಲ್ಲ ಹುಡುಕಿದರೂ ಸಿಗಲಿಲ್ಲ. 'ಒಂದು ಧ್ವಜ ಕಂಡುಬಂದಿಲ್ಲ' ಎಂದು ಬರೆದು ಸಹಿ ಹಾಕಿದೆ. ಹೊರಡುವಾಗ ಆ ಹಿರಿಯರು ನನ್ನ ಮುಖ ನೋಡಲಿಲ್ಲ. ಅಷ್ಟು ಗಟ್ಟಿಯಾಗಿ ಮಾತಾಡಬಾರದಿತ್ತು ಎಂದು ಶೆಟ್ಟಿಕೆರೆಯ ಬಸ್ ನಿಲ್ದಾಣದವರೆಗೂ ತೋಟದ ದಾರಿಯಲ್ಲಿ ಅಂದುಕೊಳ್ಳುತ್ತಲೇ ನಡೆದೆ.

ಮಾರನೇ ವಾರ ತಾಲೂಕಿನ ಶಿಕ್ಷಣ ಇಲಾಖೆಯ ಕಚೇರಿಗೆ ಹೋದೆ. ಅಲ್ಲಿನ ಗುಮಾಸ್ತರು ಸಾಮಾನು ವಿಲೇವಾರಿಯ ನಮೂನೆ ತೆಗೆದು ಮುಂದಿಟ್ಟುಕೊಂಡು ಬಹಳ ಹೊತ್ತು ನೋಡಿದರು. "ಮುರಿದ ಬೆಂಚಾದ್ರೆ ಹರಾಜು. ಹಳೇ ಪೇಪರ್ ಆದ್ರೆ ತೂಕಕ್ಕೆ. ಬಾವುಟಕ್ಕೆ ಯಾವ ಕಾಲಂ ಮೇಡಂ? ನನ್ನ ಸರ್ವಿಸಲ್ಲಿ ಇದನ್ನ ಕೇಳ್ಕೊಂಡು ಬಂದೋರನ್ನ ನಾನು ನೋಡೇ ಇಲ್ಲ." ಆದರೆ ಅವರು ನನ್ನನ್ನು ಹಾಗೇ ಕಳಿಸಲಿಲ್ಲ. ಫೈಲುಗಳ ರಾಶಿಯಲ್ಲಿ ಹುಡುಕಿ ಧ್ವಜ ಸಂಹಿತೆಯ ಜೆರಾಕ್ಸ್ ಪ್ರತಿ ಕೊಟ್ಟರು. ಅಲ್ಲೇ ಬೆಂಚಿನ ಮೇಲೆ ಕೂತು ಓದಿದೆ. ನನಗೆ ಬೇಕಾದ್ದು ಸಿಕ್ಕಿತು. ಹಾಳಾದ ಧ್ವಜವನ್ನು ಮೂಲೆಗೆ ಹಾಕಬಾರದು, ಬೇರೆ ಯಾವುದಕ್ಕೂ ಬಳಸಬಾರದು. ಪೂರ್ತಿಯಾಗಿ, ಜನರ ಕಣ್ಣಿಗೆ ಬೀಳದಂತೆ, ಗೌರವಕ್ಕೆ ಕುಂದು ಬಾರದ ಹಾಗೆ ಇಲ್ಲವಾಗಿಸಬೇಕು. ಸುಡುವುದು ಉತ್ತಮ.

ಅಷ್ಟು ಭಾಗವನ್ನು ಕನ್ನಡದಲ್ಲಿ ನೋಟುಬುಕ್ಕಿಗೆ ಬರೆದುಕೊಂಡು ಶಿಕ್ಷಣಾಧಿಕಾರಿಗಳ ಮುಂದೆ ನಿಂತೆ.

"ನಿಯಮ ಇದೆ ಅಂದ್ಮೇಲೆ ನನ್ನ ಅಪ್ಪಣೆ ಯಾಕಮ್ಮ? ಮಾಡಿ. ಊರಲ್ಲಿ ಗಲಾಟೆ ಆಗ್ಬಾರ್ದು ಅಷ್ಟೇ."

"ಒಂದು ಸಾಲು ಬರೆದು ಕೊಡಿ ಸಾರ್."

"ಬಾಯಲ್ಲಿ ಹೇಳಿದ್ನಲ್ಲ."

ಅಷ್ಟರಲ್ಲೇ ತೃಪ್ತಿಪಟ್ಟು ಬಂದೆ. ಶನಿವಾರ ಅರ್ಧ ದಿನದ ಶಾಲೆ ಬಿಟ್ಟ ಮೇಲೆ, ಹಿತ್ತಲಲ್ಲಿ, ನಾನು ಮತ್ತು ಸಹಶಿಕ್ಷಕರು ಇಬ್ಬರೇ ಮಾಡಿ ಮುಗಿಸುವುದು ಎಂದು ನಿಶ್ಚಯಿಸಿದೆವು. "ತೆಂಗಿನ ಚಿಪ್ಪು ಸ್ವಲ್ಪ ಒಟ್ಟು ಮಾಡಿಡಿ, ಸೌದೆ ಆದ್ರೆ ಹೊಗೆ ಜಾಸ್ತಿ" ಎಂದು ಅವರಿಗೆ ಹೇಳಿದೆ. ಅವರು ಅಡುಗೆಯಮ್ಮನನ್ನು ಚಿಪ್ಪು ಕೇಳಿದರು. ಶಾಲೆಗೆ ಬಿಸಿಯೂಟ ಬಂದು ಆಗ ಹೆಚ್ಚು ದಿನ ಆಗಿರಲಿಲ್ಲ, ಒಲೆಯ ಕೆಲಸಕ್ಕೆಲ್ಲ ಅಡುಗೆಯಮ್ಮನೇ ಒಡತಿ. ಯಾಕೆ ಅಂತ ಆಕೆ ಕೇಳಿದರು. ಸಹಶಿಕ್ಷಕರು ಮುಚ್ಚುಮರೆ ತಿಳಿಯದವರು, ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

ಶುಕ್ರವಾರ ಮಧ್ಯಾಹ್ನ ಐದನೇ ತರಗತಿಯಲ್ಲಿ ಭಿನ್ನರಾಶಿ ಹೇಳಿಕೊಡುತ್ತಿದ್ದೆ. ಗದ್ದಲ ಕೇಳಿ ಹೊರಗೆ ಬಂದರೆ ಅಂಗಳದಲ್ಲಿ ಹತ್ತು ಹನ್ನೆರಡು ಜನ ನಿಂತಿದ್ದರು. ಎಲ್ಲರಿಗಿಂತ ಮುಂದೆ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರು. ದೊಡ್ಡ ತೆಂಗಿನ ತೋಟದ ಯಜಮಾನರು, ಜಗಳ ಅಂದರೆ ಆಗದವರು. ಅವರ ಪಕ್ಕದಲ್ಲಿ ಮೀಸೆ ತಿದ್ದಿ, ಬೆನ್ನು ನೆಟ್ಟಗೆ ಮಾಡಿ ನಿಂತಿದ್ದವರು ಸೈನ್ಯದಲ್ಲಿ ಹವಾಲ್ದಾರರಾಗಿ ನಿವೃತ್ತರಾದವರು. ಊರಿಗೆಲ್ಲ ಅವರು 'ಮಿಲ್ಟ್ರಿಯೋರು'. ಅವರು ಶಾಲೆಯ ಅಂಗಳಕ್ಕೆ ಕಾಲಿಡುವುದಿಲ್ಲ, ಆಗಸ್ಟ್ ಹದಿನೈದಕ್ಕೂ ಬರುವುದಿಲ್ಲ ಎಂದು ಸಹಶಿಕ್ಷಕರು ನನಗೆ ಮೊದಲೇ ಹೇಳಿದ್ದರು.

"ಏನ್ ಮೇಡಮ್ನೋರೆ, ಬಾವುಟ ಸುಡ್ತೀರಂತೆ?" ಎಂದು ಹಿಂದಿನಿಂದ ಒಬ್ಬ ಕೇಳಿದ.

ನೋಟುಬುಕ್ಕು ತಂದು ಓದಿದೆ. ಅದು ಯಾರ ಕಿವಿಗೂ ಹೋಗಲಿಲ್ಲ. "ಸುಡೋದು ಅಂತ ಗೌರ್ಮೆಂಟೇ ಬರೀತದಾ? ಯಾರ್ಗೇಳ್ತೀರಿ?" "ಪೇಪರ್ನೋರ್ಗೆ ಗೊತ್ತಾದ್ರೆ ಊರ ಹೆಸ್ರು ಕೆಡ್ತದೆ ಕಣ್ರೀ." "ಕಂಪ್ಲೇಂಟ್ ಕೊಡ್ಬೇಕು ಬುಡಿ." ಒಬ್ಬರ ಮೇಲೊಬ್ಬರು ಮಾತಾಡಿದರು. ಕಿಟಕಿಗಳಲ್ಲಿ ಮಕ್ಕಳ ತಲೆಗಳು ತುಂಬಿಕೊಂಡವು. ಅಧಿಕಾರಿಗಳ ಸಹಿಯಿರುವ ಒಂದು ಸಾಲು ಇದ್ದಿದ್ದರೆ ಎಂದು ಆಗ ಬಹಳ ಅನ್ನಿಸಿತು.

ಮಿಲ್ಟ್ರಿಯವರು ಮಾತ್ರ ಕೂಗಾಡಲಿಲ್ಲ. "ಎಷ್ಟಿದಾವೆ?" ಎಂದರು.

"ಟ್ರಂಕಲ್ಲಿ ಎಂಟಿದೆ. ಪಟ್ಟಿ ಪ್ರಕಾರ ಇನ್ನೊಂದು ಇರಬೇಕು, ಸಿಕ್ಕಿಲ್ಲ."

ಅವರು ನನ್ನ ಮುಖವನ್ನು ಒಂದು ಕ್ಷಣ ನೋಡಿ, ತಿರುಗಿ, ಗೇಟು ದಾಟಿ ಹೊರಟುಹೋದರು. ಅದರ ಅರ್ಥ ನನಗೆ ಆಗಲಿಲ್ಲ. ಕೋಪ ಇನ್ನೂ ಹೆಚ್ಚಾಯಿತೇನೋ ಅಂದುಕೊಂಡೆ.

ಉಳಿದವರನ್ನು ಅಧ್ಯಕ್ಷರು ಸಮಾಧಾನ ಮಾಡಿ ಕಳಿಸಿದರು. ಆಮೇಲೆ ಜಗುಲಿಯ ಮೇಲೆ ಕೂತು ಮೆತ್ತಗೆ ಹೇಳಿದರು: "ನೀವು ಕಾನೂನು ಹೇಳ್ತಾ ಇದೀರಿ, ಸುಳ್ಳಲ್ಲ ಕಣಮ್ಮ. ಆದ್ರೂ ಬ್ಯಾಡ. ಇಷ್ಟ್ ವರ್ಸ ಟ್ರಂಕಲ್ಲಿ ಇತ್ತು. ಇನ್ನೂ ಹತ್ತ್ ವರ್ಸ ಇರ್ಲಿ ಬುಡಿ. ನಿಮ್ಮ ತಲೆ ಮೇಲೆ ಯಾಕೆ ಹಾಕ್ಕೊಂತೀರಿ?"

ತಿಪಟೂರಿನ ಮನೆಯಲ್ಲಿ ನಮ್ಮ ಮನೆಯವರದೂ ಅದೇ ಮಾತು. "ಬಂದು ಎರಡು ತಿಂಗಳಾಗಿಲ್ಲ. ಸುಮ್ಮನಿರು." ನಾನು ಸುಮ್ಮನಾದೆ. ಶನಿವಾರ ಎಂಟನ್ನೂ ಒಂದು ಹಳೇ ಪಂಚೆಯಲ್ಲಿ ಸುತ್ತಿ ಟ್ರಂಕಿಗೆ ವಾಪಸು ಇಟ್ಟೆ. ತೂತಿಗೆ ರಟ್ಟು ಅಡ್ಡ ಕೊಟ್ಟೆ. ಚಿಪ್ಪನ್ನು ಅಡುಗೆಯಮ್ಮ ಒಲೆಗೆ ಹಾಕಿಕೊಂಡರು. ಎರಡು ವಾರ ಯಾರೂ ಆ ವಿಷಯ ಎತ್ತಲಿಲ್ಲ. ಊರು ಮತ್ತೆ ನನಗೆ ನಮಸ್ಕಾರ ಹೇಳತೊಡಗಿತು. ನಿಜ ಹೇಳಬೇಕೆಂದರೆ ನೆಮ್ಮದಿಯಾಗಿಯೇ ಇತ್ತು.

ಆಷಾಢದ ಗಾಳಿ ಶುರುವಾದ ಮೇಲೆ ಒಂದು ದಿನ ಟ್ರಂಕಿಗೆ ನುಸಿಗುಳಿಗೆ ಹಾಕೋಣವೆಂದು ಇಳಿಸಿದೆ. ರಟ್ಟು ಚೂರು ಚೂರಾಗಿತ್ತು. ಪಂಚೆಯಲ್ಲಿ ಕೈ ತೂರುವಷ್ಟು ತೂತು. ಹಿಂದೆ ನಾನೇ ಮಡಿಸಿಟ್ಟಾಗ ಸರಿಯಾಗಿದ್ದ ಒಂದು ಬಾವುಟದ ಚಕ್ರದ ಅರ್ಧ ಹೋಗಿತ್ತು. ಈ ಸಲ ಹಿಂದಿನವರನ್ನು ದೂರುವ ಹಾಗಿರಲಿಲ್ಲ. ಪಟ್ಟಿಗೆ ಸಹಿ ನನ್ನದು, ಮಡಿಸಿಟ್ಟ ಕೈ ನನ್ನದು. ನಿವೃತ್ತ ಹೆಡ್‌ಮಾಸ್ಟರಿಗೆ ಹೇಳಿದ ಮಾತು ನೆನಪಾಗಿ ನಾಚಿಕೆಯಾಯಿತು.

ಅಲ್ಲೇ ನೆಲದ ಮೇಲೆ ಕೂತು ಯೋಚಿಸಿದೆ. ಜನರ ಕಣ್ಣಿಗೆ ಬೀಳದಂತೆ ಮಾಡಿ ಅಂತ ನಿಯಮ ಹೇಳುವುದು ಸುಡುವುದನ್ನು. ಬಾವುಟಗಳ ಸ್ಥಿತಿಯನ್ನು ಮುಚ್ಚಿಡು ಎಂದು ಎಲ್ಲೂ ಹೇಳಿಲ್ಲ. ನಾನು ಎರಡನ್ನೂ ಸೇರಿಸಿ ಮುಚ್ಚಿಟ್ಟಿದ್ದೆ. ಊರಿನವರು ಕೇಳಿದ್ದು 'ಸುಡುತ್ತಾರೆ' ಎಂಬ ಒಂದೇ ಮಾತು. ಏನನ್ನು ಸುಡುತ್ತಾರೆ ಎಂದು ಅವರು ನೋಡಿರಲಿಲ್ಲ.

ಮಾರನೇ ದಿನ ಸಮಿತಿಯ ಸಭೆ ಕರೆದೆ. ಹೋದ ಸಲ ಅಂಗಳಕ್ಕೆ ಬಂದವರನ್ನೆಲ್ಲ ಸಹಶಿಕ್ಷಕರು ಮನೆಮನೆಗೆ ಹೋಗಿ ಕರೆದರು. ಮಿಲ್ಟ್ರಿಯವರ ಮನೆಗೆ ನಾನೇ ಹೋದೆ. ಅವರು ಬಾಗಿಲಲ್ಲೇ ನಿಂತು, "ನೋಡೋಣ" ಎಂದರು.

ಏಳನೇ ತರಗತಿಯ ಕೋಣೆಯಲ್ಲಿ ನಾಲ್ಕು ಬೆಂಚು ಸೇರಿಸಿ, ಮನೆಯಿಂದ ತಂದಿದ್ದ ಬಿಳಿ ಬೆಡ್‌ಶೀಟು ಹಾಸಿ, ಎಂಟನ್ನೂ ಬಿಡಿಸಿ ಪಕ್ಕಪಕ್ಕ ಇಟ್ಟೆ. ಇಲಿಗೂಡಿನ ದಾರಗಳನ್ನು ಒಂದು ತಟ್ಟೆಯಲ್ಲಿಟ್ಟೆ. ಜನ ಬಂದರು. ಜೋರಾಗಿ ಮಾತಾಡುತ್ತ ಬಂದ ಒಬ್ಬರು ಬೆಂಚಿನ ಮೇಲೆ ಇದ್ದದ್ದನ್ನು ನೋಡಿ, ಹೊರಗೆ ಹೋಗಿ ಕಾಲಿನ ಎಕ್ಕಡ ಬಿಟ್ಟು ಬಂದರು, ಅವರನ್ನು ನೋಡಿ ಉಳಿದವರೂ ಬಿಟ್ಟರು. ಅಡುಗೆಯಮ್ಮ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಹಿಡಿದುಕೊಂಡರು.

"ಇಂಗಾಗೈತಾ?" ಎಂದರು ಅಧ್ಯಕ್ಷರು.

"ಇದನ್ನ ಟ್ರಂಕಲ್ಲಿ ಇಟ್ಟಿದ್ದಕ್ಕೆ ಹೀಗಾಯ್ತು. ಇದೊಂದು ಹಾಳಾಗಿದ್ದು ಮಾತ್ರ ನನ್ನ ಕಾಲದಲ್ಲಿ," ಎಂದು ಅರ್ಧ ಚಕ್ರದ ಬಾವುಟ ತೋರಿಸಿದೆ. "ಇನ್ನೂ ಇಡೋಣ ಅಂದ್ರೆ ಇಡ್ತೀನಿ. ಇಲಿಗೆ ಕೊಡೋದಾ, ಬೆಂಕಿಗೆ ಕೊಡೋದಾ, ನೀವೇ ಹೇಳಿ."

ಒಬ್ಬೊಬ್ಬರೂ ಬಗ್ಗಿ ಆ ಅರ್ಧ ಚಕ್ರವನ್ನು ನೋಡಿದರು. ಕೊನೆಗೆ, ಹೋದ ಸಲ ಕಂಪ್ಲೇಂಟ್ ಕೊಡಬೇಕು ಅಂದಿದ್ದವರೇ, "ಹರಿದ ದೇವ್ರ ಪಟನ ಬೀದಿಗೆ ಹಾಕ್ತೀವಾ? ಹೊಳೆಗೆ ಬುಡ್ತೀವಿ. ಹಂಗೇ ತಿಳ್ಕೊಬೇಕು ಇದ್ನೂವೆ" ಎಂದರು. ಸಭೆ ಒಪ್ಪಿತು. ನಡಾವಳಿ ಪುಸ್ತಕದಲ್ಲಿ ಎಲ್ಲರೂ ಸಹಿ ಹಾಕಿದರು. ಮಿಲ್ಟ್ರಿಯವರು ಬಂದೇ ಇರಲಿಲ್ಲ.

ಅವರು ಬಂದದ್ದು ಮರುದಿನ ಬೆಳಿಗ್ಗೆ, ಪ್ರಾರ್ಥನೆಗೂ ಮುಂಚೆ. ಕಂಕುಳಲ್ಲಿ ಪ್ಲಾಸ್ಟಿಕ್ ಕವರು. ಆಫೀಸು ಕೋಣೆಯ ಮೇಜಿನ ಮೇಲೆ ಅದನ್ನು ಬಿಚ್ಚಿದರು. ಒಳಗೆ ಟವೆಲ್ಲು, ಟವೆಲ್ಲಿನೊಳಗೆ ಬಾವುಟ. ನುಸಿಗುಳಿಗೆಯ ವಾಸನೆ. ಎಷ್ಟು ಒಪ್ಪವಾಗಿ ಮಡಿಸಿದ್ದರು ಅಂದರೆ ಚಕ್ರ ನಟ್ಟ ನಡುವೆ ಕಾಣುತ್ತಿತ್ತು. ಅದರ ಬಿಳಿಯ ಮೇಲೆ ಅಂಗೈಯಗಲದ ಶಾಯಿ ಕಲೆ.

"ನಿಮ್ಮ ಒಂಬತ್ತನೇದು," ಎಂದರು. "ನನ್ನ ಮಗಳ ಟೀಸಿ ತಗೊಳಕ್ಕೆ ರಜದಲ್ಲಿ ಬಂದಿದ್ದೆ. ಈ ರೂಮಲ್ಲಿ ಇದನ್ನ ಹಾರ್ಮೋನಿಯಂ ಮೇಲೆ ಹೊದಿಸಿದ್ರು. ಧೂಳು ಕೂರ್ಬಾರ್ದು ಅಂತ. ಅದ್ರ ಮೇಲೆ ಶಾಯಿ ಬಾಟ್ಲು. ಕೇಳಿದ್ದಕ್ಕೆ, ಹಳೇದು ಬಿಡಿ ಅಂದ್ರು. ಯಾರೂ ಇಲ್ಲದಾಗ ತಗೊಂಡ್ಹೋದೆ. ಅವತ್ತಿಂದ ಈ ಕಡೆ ಬಂದಿಲ್ಲ ನಾನು. ಕದ್ದಿದ್ದು ಅಂತಲೇ ಬರ್ಕೊಳಿ, ಸಹಿ ಹಾಕ್ತೀನಿ."

ನಾನು ಪಟ್ಟಿ ತೆಗೆದು, 'ಕಂಡುಬಂದಿಲ್ಲ' ಎಂದಿದ್ದ ಕಡೆ ಗೆರೆ ಎಳೆದು, 'ಶಾಲೆಗೆ ಮರಳಿ ಬಂದಿದೆ' ಎಂದು ಬರೆದು ಅವರಿಗೆ ತೋರಿಸಿದೆ. ಅವರು ಎರಡು ಸಲ ಓದಿದರು.

"ಇದ್ನ ಹಾರಿಸೋ ಹಂಗಿದ್ಯಾ ಮೇಡಮ್ನೋರೆ?" ದನಿ ಸ್ವಲ್ಪ ಇಳಿದಿತ್ತು. ಅವರಿಗೆ ಉತ್ತರ ಗೊತ್ತಿತ್ತು.

"ಕಲೆ ಇದೆಯಲ್ಲ ಯಜಮಾನ್ರೆ."

"ಹೂಂ." ಕಲೆಯ ಮೇಲೆ ಹೆಬ್ಬೆರಳು ಆಡಿಸಿದರು. "ಹಾಗಾದ್ರೆ ಅವುಗಳ ಜೊತೆಗೇ ಆಗ್ಲಿ. ಆದ್ರೆ ನಾನಿರ್ತೀನಿ."

ಭಾನುವಾರ ತಿಪಟೂರಿನಿಂದ ಮೊದಲ ಬಸ್ಸಿಗೆ ಹೊರಟು, ಏಳು ಗಂಟೆಗೆ ಶಾಲೆ ಸೇರಿದೆ. ನಾನು, ಸಹಶಿಕ್ಷಕರು, ಅಧ್ಯಕ್ಷರು, ಮಿಲ್ಟ್ರಿಯವರು ನಾಲ್ಕೇ ಜನ. ಅಡುಗೆಯಮ್ಮ ತಾವೇ ಬಂದು, "ಯಾರ್ನೂ ಒಳಿಕ್ ಬುಡಲ್ಲ" ಎಂದು ಗೇಟಿನ ಹತ್ತಿರ ಕೂತರು. ಹಿತ್ತಲಿನ ನೆಲ ಗುಡಿಸಿ, ನೀರು ಚಿಮುಕಿಸಿ, ಗಾರೆ ಕೆಲಸದ ಕಬ್ಬಿಣದ ಬಾಂಡಲಿಯನ್ನು ಮೂರು ಕಲ್ಲಿನ ಮೇಲಿಟ್ಟು ಚಿಪ್ಪು ತುಂಬಿದೆವು. ಚಿಪ್ಪು ಉರಿದು ಕೆಂಡವಾಗಲು ಅರ್ಧ ಗಂಟೆ ಬೇಕಾಯಿತು. ಅಷ್ಟರಲ್ಲಿ ಮಿಲ್ಟ್ರಿಯವರು ನಮಗೆ ಮಡಿಸುವುದನ್ನು ಕಲಿಸಿದರು. ಕೇಸರಿ ಮತ್ತು ಹಸಿರನ್ನು ಬಿಳಿಯ ಕೆಳಗೆ ಸರಿಸಬೇಕು. ಆಮೇಲೆ ಎರಡೂ ಬದಿಯಿಂದ ಒಳಕ್ಕೆ, ಚಕ್ರ ಮೇಲೆ ಬರುವ ಹಾಗೆ. ಇಪ್ಪತ್ತು ವರ್ಷ ಮೇಷ್ಟ್ರ ಕೆಲಸ ಮಾಡಿದ ನನಗೆ ಅದು ಆ ಬೆಳಿಗ್ಗೆಯವರೆಗೂ ಸರಿಯಾಗಿ ಬರುತ್ತಿರಲಿಲ್ಲ.

ಕತ್ತರಿಸದೆ, ಇಡಿಯಾಗಿ, ಒಂದಾದ ಮೇಲೊಂದು ಇಟ್ಟೆವು. ಖಾದಿ ನಿಧಾನವಾಗಿ ಉರಿಯಿತು. ಮೊದಲ ಮೂರು ಸುಸೂತ್ರವಾಗಿ ಮುಗಿದವು. ನಾಲ್ಕನೆಯದನ್ನು ಇಡುತ್ತಿದ್ದ ಹಾಗೆ ಕಪ್ಪು ಹೊಗೆ ಎದ್ದು, ಬಟ್ಟೆ ಸುರುಟಿ ತೊಟ್ಟಿಕ್ಕತೊಡಗಿತು. ಯಾರೋ ಯಾವಾಗಲೋ ತಂದ ಪಾಲಿಯೆಸ್ಟರು ಅದು. ಬಣ್ಣ ನೋಡಿ ನಮಗೆ ತಿಳಿದಿರಲಿಲ್ಲ. ಕೆಂಡಕ್ಕೆ ಅಂಟಿಕೊಂಡದ್ದನ್ನು ಹಾಗೇ ಬಿಡಲು ಮನಸ್ಸು ಬರಲಿಲ್ಲ. ಮತ್ತೆ ಚಿಪ್ಪು ಹಾಕಿ, ಗರಿಯಲ್ಲಿ ಗಾಳಿ ಬೀಸಿ, ಅಂಟು ಕರಗಿ ಉರಿದುಹೋಗುವವರೆಗೂ ಕಾದೆವು.

ಆರನೆಯದಕ್ಕೆ ಆಷಾಢದ ಗಾಳಿ ಗೋಡೆ ಹಾರಿ ಬಂತು. ಇಲಿ ಕಡಿದು ಸಡಿಲವಾಗಿದ್ದ ಹಸಿರಿನ ಒಂದು ತುಂಡು, ಅಂಚಿನಲ್ಲಿ ಕಿಡಿ ಹೊತ್ತು, ಮೇಲೆದ್ದು ಪಕ್ಕದ ತೋಟದ ಕಡೆ ತೇಲಿತು. ನಾನು ಅಯ್ಯೋ ಎನ್ನುವಷ್ಟರಲ್ಲಿ ಅಧ್ಯಕ್ಷರು ಪಂಚೆ ಎತ್ತಿ ಕಟ್ಟಿ, ಗಿಡ್ಡ ಗೋಡೆ ದಾಟಿ ಓಡಿದರು. ಅರವತ್ತು ದಾಟಿದ ಮನುಷ್ಯ! ತೆಂಗಿನ ಪಾತಿಗಳನ್ನು ನೆಗೆಯುತ್ತ, ಮೇಲೆ ನೋಡುತ್ತ, ಒಂದು ಪಾತಿಯಲ್ಲಿ ಮುಗ್ಗರಿಸಿ, ಎದ್ದು ಮತ್ತೆ ಓಡಿದರು. ತುಂಡು ನೆಲ ಮುಟ್ಟುವ ಮೊದಲೇ ಎರಡೂ ಕೈ ಚಾಚಿ ಹಿಡಿದರು. ಕಿಡಿ ಅವರ ಅಂಗೈ ಸುಟ್ಟಿತ್ತು. ಬೆವರು ಸುರಿಸುತ್ತ ತಂದು ಬಾಂಡಲಿಗೆ ಹಾಕಿ, "ಹಿಡ್ದೆ ಕಣಪ್ಪಾ" ಎಂದರು. ಮಿಲ್ಟ್ರಿಯವರು ಬೆನ್ನು ಇನ್ನಷ್ಟು ನೆಟ್ಟಗೆ ಮಾಡಿ ಅವರಿಗೆ ಸಲ್ಯೂಟ್ ಹೊಡೆದರು. ತಮಾಷೆಗೋ ನಿಜವಾಗಿಯೋ ತಿಳಿಯದೆ ಅಧ್ಯಕ್ಷರು ನಾಚಿ ಕೈ ಮುಗಿದರು. ನಾವೆಲ್ಲ ನಕ್ಕೆವು. ಅಂಥ ಹೊತ್ತಿನಲ್ಲಿ ನಗು ತಪ್ಪು ಅಂತ ಯಾರಿಗೂ ಅನ್ನಿಸಲಿಲ್ಲ.

ಶಾಯಿ ಕಲೆಯದನ್ನು ಕೊನೆಗೆ ಮಿಲ್ಟ್ರಿಯವರೇ ಇಟ್ಟರು. ಎರಡು ಅಂಗೈ ಮೇಲೆ ಹೊತ್ತು ತಂದು, ಬಗ್ಗಿ, ಕೆಂಡದ ಮೇಲೆ ಇಳಿಸಿ, ಅದು ಪೂರ್ತಿ ಆಗುವವರೆಗೂ ಸಾವಧಾನ್ ಭಂಗಿಯಲ್ಲಿ ನಿಂತರು. ಕಣ್ಣಲ್ಲಿ ನೀರು ಬಂದಿತ್ತು. ಹೊಗೆಗೆ ಎಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಇಲಿಗೂಡಿನ ದಾರಗಳನ್ನು ನಾನು ಹಾಕಿದೆ. ಬೂದಿ ಆರಿದ ಮೇಲೆ ಧ್ವಜದ ಕಟ್ಟೆಯ ಹಿಂದೆ ಯಾರೂ ತುಳಿಯದ ಕಡೆ ಗುಂಡಿ ತೋಡಿ ಮುಚ್ಚಿದೆವು.

ದಾಖಲೆ ಪುಸ್ತಕದಲ್ಲಿ ಏನು ಬರೆಯುವುದು ಎಂಬುದಕ್ಕೆ ಸುಡುವುದಕ್ಕಿಂತ ಹೆಚ್ಚು ಕಷ್ಟಪಟ್ಟೆ. 'ನಾಶಪಡಿಸಲಾಗಿದೆ' ಎಂದು ಬರೆಯಲು ಕೈ ಬರಲಿಲ್ಲ. 'ವಿಲೇವಾರಿ' ಅಂದರೆ ಕಸದ ಮಾತು. ಕೊನೆಗೆ 'ನಿಯಮದಂತೆ ಗೌರವದಿಂದ ವಿಸರ್ಜಿಸಲಾಗಿದೆ' ಎಂದು ಬರೆದೆ. ಮಿಲ್ಟ್ರಿಯವರು ಸಾಕ್ಷಿಯ ಜಾಗದಲ್ಲಿ ಹೆಸರಿನ ಮುಂದೆ ತಮ್ಮ ಹುದ್ದೆಯನ್ನೂ ಬರೆದು ಸಹಿ ಮಾಡಿದರು. 'ವಿಸರ್ಜನೆ' ಇಲಾಖೆಯ ಪದವಲ್ಲ ಎಂದು ಆಮೇಲೆ ಗುಮಾಸ್ತರು ಹೇಳಿದರು. ಆದರೆ ಹೊಡೆದುಹಾಕಲಿಲ್ಲ.

ಆ ಆಗಸ್ಟ್ ಹದಿನೈದಕ್ಕೆ ಮಿಲ್ಟ್ರಿಯವರು ಎಲ್ಲರಿಗಿಂತ ಮೊದಲೇ ಬಂದು, ಹಗ್ಗ, ಗಂಟು, ರಾಟೆ ಎಲ್ಲ ಪರೀಕ್ಷಿಸಿ, ಮಕ್ಕಳ ಸಾಲು ಸರಿ ಮಾಡಿದರು.

ಅದಾದ ತಿಂಗಳು ಮುಖ್ಯ ಶಿಕ್ಷಕರ ಸಭೆಯಲ್ಲಿ ಅಧಿಕಾರಿಗಳು, "ನಿಮ್ಮ ಆ ವಿಷಯ ಏನಾಯ್ತಮ್ಮ?" ಎಂದರು. "ಆಯ್ತು ಸಾರ್, ಗಲಾಟೆ ಇಲ್ಲದೆ" ಎಂದೆ. ಅವರು ಮುಂದಿನ ವಿಷಯಕ್ಕೆ ಹೋದರು. ಸಭೆ ಮುಗಿದು ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ ಬೇರೆ ಶಾಲೆಯ ಹೆಡ್‌ಮಾಸ್ಟರೊಬ್ಬರು ಹತ್ತಿರ ಬಂದು, ಸುತ್ತ ನೋಡಿ, ದನಿ ತಗ್ಗಿಸಿ ಕೇಳಿದರು: "ಮೇಡಂ, ನಮ್ಮಲ್ಲೂ ಐದಿದಾವೆ. ಹೆಂಗ್ ಮಾಡಿದ್ರಿ, ಸ್ವಲ್ಪ ಹೇಳಿ." ಅವರಿಗೆ ಹೇಳುತ್ತಿರುವಾಗಲೇ ಇನ್ನಿಬ್ಬರು ಬಂದು ಪಕ್ಕದಲ್ಲಿ ನಿಂತರು. ಮೂವರಿಗೂ ಬರೆದುಕೊಟ್ಟೆ. ಕೆಳಗೆ ಮಿಲ್ಟ್ರಿಯವರ ಮನೆಯ ಗುರುತನ್ನೂ ಬರೆದೆ.

ಆ ಚಳಿಗಾಲ ಪೂರ್ತಿ ಭಾನುವಾರದ ಬೆಳಿಗ್ಗೆಗಳಲ್ಲಿ ಮಿಲ್ಟ್ರಿಯವರ ಮೊಪೆಡ್ಡು ಒಂದೊಂದು ಊರಿನ ದಾರಿ ಹಿಡಿಯಿತು. ಒಂದು ಶನಿವಾರ ಸಂಜೆ ಶಾಲೆಯ ಗೇಟಿನ ಮುಂದೆ ನಿಲ್ಲಿಸಿ, ಇಳಿಯದೆ ಕೂಗಿದರು: "ನಾಳೆ ಬೋರನಕಣಿವೆ ಕಡೆ ಮೇಡಮ್ನೋರೆ. ಎರಡು ಸ್ಕೂಲು. ಒಂದ್ರಲ್ಲಿ ನಾಲ್ಕೈತಂತೆ, ಇನ್ನೊಂದ್ರಲ್ಲಿ ಎಷ್ಟೈತೆ ಅಂತ ಹೇಳಕ್ಕೇ ನಾಚ್ಕೊಂತಾ ಅವ್ರೆ."

"ಬಯ್ಯಬೇಡಿ ಯಜಮಾನ್ರೆ."

"ನಾನ್ಯಾಕ್ ಬಯ್ಲಿ! ಮೊದ್ಲು ಮಡಿಸೋದ್ ಕಲಿಸ್ತೀನಿ" ಎಂದು, ಮೊಪೆಡ್ಡಿನ ಹಿಂದೆ ಕಟ್ಟಿದ್ದ ಚಿಪ್ಪಿನ ಚೀಲವನ್ನು ಒಮ್ಮೆ ಒತ್ತಿ ನೋಡಿಕೊಂಡು, "ಬತ್ತೀನಿ" ಅಂದು ಹೊರಟರು.